ಪರದೆ ಮೇಲೆ ಕಾಣ್ತಿರೋ ನಂಬರ್



ದಿನಾ ಈ ಹೊತ್ತಿಗೆ ನಾನು ಯಾರನ್ನಾದ್ರೂ ಪ್ರಶ್ನೆ ಮಾಡ್ತೀನಿ. ಮಂತ್ರಿಗಳನ್ನ, ಅಧಿಕಾರಿಗಳನ್ನ, ಒಮ್ಮೊಮ್ಮೆ ನಿಮ್ಮನ್ನೂ. ಇವತ್ತು ಪ್ರಶ್ನೆ ಬಂದಿದ್ದು ನನಗೆ. ಕಳೆದ ವಾರ ಕಾರ್ಯಕ್ರಮ ಮುಗಿಸಿ ಮೈಕ್ ಬಿಚ್ಚಿ ಇಡ್ತಾ ಇದ್ದೆ. ನಮ್ಮ ಹುಡುಗ ಬಂದು, 'ಸರ್, ವಿಜಯಪುರ ಕಡೆಯಿಂದ ಒಬ್ಬ ಸ್ಟೂಡೆಂಟು, ನಾಲ್ಕು ಸಲ ಫೋನ್ ಮಾಡಿದಾನೆ, ನಿಮ್ಮ ಹತ್ರಾನೇ ಮಾತಾಡ್ಬೇಕಂತೆ' ಅಂದ. ಸರಿ, ತಗೊಂಡೆ.

ಆ ಕಡೆಯಿಂದ ಹುಡುಗ ನೇರವಾಗಿ ಕೇಳಿದ: 'ಸರ, ನೀವು ದಿನಾ ಹೇಳ್ತೀರಲ್ರೀ, ಪರದೆ ಮ್ಯಾಲ ಕಾಣ್ತಿರೋ ನಂಬರಿಗೆ ಕರೆ ಮಾಡ್ರಿ ಅಂತ. ಆ ನಂಬರ್ ಒಮ್ಮೆರೆ ಬಾಯಿಲೆ ಹೇಳೀರೇನ್ರೀ?'

ನನಗೆ ಅರ್ಥ ಆಗ್ಲಿಲ್ಲ. 'ಯಾಕಪ್ಪ, ಟಿವಿ ಸರಿಯಾಗಿ ಕಾಣ್ತಿಲ್ವಾ?' ಅಂದೆ.

'ಟಿವಿ ಛಲೋ ಐತ್ರಿ ಸರ. ನನಗ ಕಣ್ಣು ಕಾಣಂಗಿಲ್ಲ.'

ವೀಕ್ಷಕರೇ, ಎಂಟು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೀನಿ. ಎಷ್ಟು ಸಾವಿರ ಸಲ ಆ ಮಾತು ಹೇಳಿದ್ದೀನೋ ಲೆಕ್ಕ ಇಲ್ಲ. ನಂಬರನ್ನ ಓದಿ ಹೇಳಬೇಕು ಅಂತ ಒಂದೇ ಒಂದು ಸಲ ತಲೆಗೆ ಹೊಳೆದಿರಲಿಲ್ಲ. ಅವನು ಗೆಳೆಯನ ಕೈಲಿ ಓದಿಸಿ ನಂಬರ್ ಪಡ್ಕೊಂಡಿದ್ದ. ಇದು ನಮ್ಮ ತಪ್ಪು. ಇದನ್ನ ಮೊದಲು ಹೇಳಿ, ಆಮೇಲೆ ಬೇರೆಯವರ ತಪ್ಪಿಗೆ ಬರ್ತೀನಿ.

ಅವನು ಫೋನ್ ಮಾಡಿದ್ದು ನನ್ನನ್ನ ಬೈಯೋಕಲ್ಲ. ಬಿಎ ಕೊನೆ ವರ್ಷ, ಇತಿಹಾಸ, ಅರ್ಥಶಾಸ್ತ್ರ. ಪರೀಕ್ಷೆಗೆ ಹದಿನೆಂಟು ದಿನ ಇದೆ. ಕಾಲೇಜಿನಿಂದ ನೋಟ್ಸು ವಾಟ್ಸಾಪ್ ಗ್ರೂಪಿಗೆ ಬರುತ್ತೆ, ಪಿಡಿಎಫ್. ಕ್ಲಾಸಿನ ಎಲ್ಲರೂ ಓದ್ತಾರೆ, ಇವನೊಬ್ಬನಿಗೆ ಆಗಲ್ಲ. ಲ್ಯಾಪ್‌ಟಾಪ್ ಇದೆ, ಅದರಲ್ಲಿ ಓದಿ ಹೇಳೋ ಸಾಫ್ಟ್‌ವೇರ್ ಇದೆ, ಅದನ್ನ ನಡೆಸೋಕೆ ನನಗಿಂತ ಚೆನ್ನಾಗಿ ಬರುತ್ತೆ. ಆದರೂ ಆಗಲ್ಲ. 'ಯಾಕೆ?' ಅಂದೆ. 'ಕೇಳ್ರಿ' ಅಂತ ಫೋನನ್ನ ಲ್ಯಾಪ್‌ಟಾಪ್ ಹತ್ರ ಹಿಡಿದ.

ಕೇಳಿಸಿದ್ದು ಕನ್ನಡ ಅಲ್ಲ, ಇಂಗ್ಲಿಷೂ ಅಲ್ಲ. ಅರ್ಥವಿಲ್ಲದ ಗಡಗಡ ಸದ್ದು, ಮಧ್ಯೆ ಮಧ್ಯೆ 'ಪೌಂಡ್... ಪೌಂಡ್...' ಅಂತ. ರಾಜ್ಯಶಾಸ್ತ್ರದ ನೋಟ್ಸಿನಲ್ಲೂ ಪೌಂಡ್, ಕನ್ನಡ ಸಾಹಿತ್ಯದ ನೋಟ್ಸಿನಲ್ಲೂ ಪೌಂಡ್. ಬ್ರಿಟಿಷರು ಹೋಗಿ ಇಷ್ಟು ವರ್ಷ ಆದ್ಮೇಲೂ ನಮ್ಮ ಹುಡುಗನ ಪುಸ್ತಕದಿಂದ ಪೌಂಡ್ ಹೋಗಿಲ್ಲ!

ನಾನು ನಕ್ಕೆ, ನಿಜ. ಯಾಕಂದ್ರೆ ಏನಾಗಿದೆ ಅಂತ ತಕ್ಷಣ ಗೊತ್ತಾಯ್ತು. ಎಂಜಿನಿಯರಿಂಗ್ ಓದಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತೆ. ಸ್ವಲ್ಪ ತಾಳ್ಮೆಯಿಂದ ಕೇಳಿ, ಇವತ್ತಿನ ಮಾತೆಲ್ಲ ನಿಂತಿರೋದು ಇದರ ಮೇಲೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಸಂಖ್ಯೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಮೊದಲು ಆ ಸಂಖ್ಯೆಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೂ ಯೂರೋಪಿನ ಕೆಲವು ಚಿಹ್ನೆಗಳಿಗೂ ಮೀಸಲಾಗಿದ್ವು, ಕನ್ನಡಕ್ಕೆ ಜಾಗ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಮಾಡಿದ್ರು. ಆ ಸಂಖ್ಯೆಗಳನ್ನೇ ಇಟ್ಕೊಂಡು, ಕಾಣೋ ಚಿತ್ರವನ್ನ ಮಾತ್ರ ಕನ್ನಡದ್ದು ಮಾಡಿದ್ರು. ನುಡಿ, ಬರಹ ತಂತ್ರಾಂಶ ಮಾಡಿದವರಿಗೆ ನಾನು ಕೈ ಮುಗೀತೀನಿ. ಅವರಿಲ್ಲದಿದ್ರೆ ನಮ್ಮ ಪತ್ರಿಕೆಗಳು, ಸರ್ಕಾರಿ ಕಚೇರಿಗಳು, ನಮ್ಮ ಚಾನೆಲ್ಲಿನ ಗ್ರಾಫಿಕ್ಸು ಯಾವುದೂ ಕನ್ನಡದಲ್ಲಿ ಇರ್ತಿರಲಿಲ್ಲ. ಆದರೆ ಆ ಉಪಾಯದಲ್ಲಿ ಒಂದು ಗುಟ್ಟು ಉಳ್ಕೊಳ್ತು. ಕಣ್ಣಿಗೆ 'ನ' ಕಾಣುತ್ತೆ, ಒಳಗೆ ಕೂತಿರೋದು ಪೌಂಡ್ ಗುರುತು. ಕಣ್ಣಿಗೆ 'ಕ' ಕಾಣುತ್ತೆ, ಒಳಗೆ ಇಂಗ್ಲಿಷಿನ 'ಪಿ'.

ನಾನು ಶಿವಮೊಗ್ಗ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು. ರಂಗದ ಮುಂದೆ ಕೂತೋರಿಗೆ ಕಿರೀಟ, ಗದೆ, ಆರ್ಭಟ, ಸಾಕ್ಷಾತ್ ರಾವಣ. ಚೌಕಿಗೆ ಹೋಗಿ ಹೆಸರು ಕೇಳಿದ್ರೆ ಪಕ್ಕದೂರಿನ ಶೆಟ್ರು. ಓದಿ ಹೇಳೋ ಸಾಫ್ಟ್‌ವೇರಿಗೆ ವೇಷ ಕಾಣಲ್ಲ. ಅದು ಸೀದಾ ಚೌಕಿಗೆ ಹೋಗಿ ಹೆಸರು ಕೇಳುತ್ತೆ. ಇದ್ದ ಹೆಸರನ್ನ ಪ್ರಾಮಾಣಿಕವಾಗಿ ಹೇಳುತ್ತೆ. ಪೌಂಡ್.

ಆಮೇಲೆ ಯೂನಿಕೋಡ್ ಬಂತು. ಅದರಲ್ಲಿ ಕನ್ನಡಕ್ಕೇ ಅಂತ 128 ಜಾಗ ಇದೆ. 'ಕ' ಅಂದ್ರೆ ಒಳಗೂ 'ಕ', ಹೊರಗೂ 'ಕ'. ನಿಮ್ಮ ಫೋನಿನಲ್ಲಿ ಕನ್ನಡ ಮೆಸೇಜ್ ಕಳಿಸ್ತೀರಲ್ಲ, ಅದೆಲ್ಲ ಯೂನಿಕೋಡೇ. ಅಜ್ಜಿ ಮೊಮ್ಮಗನಿಗೆ ಕಳಿಸೋ ಗುಡ್ ಮಾರ್ನಿಂಗ್ ಯೂನಿಕೋಡಿನಲ್ಲಿದೆ. ಕಾಲೇಜಿನ ನೋಟ್ಸು ಇನ್ನೂ ವೇಷ ಬಿಚ್ಚಿಲ್ಲ. ನುಡಿಯಲ್ಲೇ ಇವತ್ತು ಯೂನಿಕೋಡ್ ಆಯ್ಕೆ ಇದೆ, ಬದಲಾಯಿಸ್ಕೊಳ್ಳೋದು ಕ್ಷಣದ ಕೆಲಸ. ಇಪ್ಪತ್ತು ವರ್ಷದ ರೂಢಿ, ಯಾರೂ ಬದಲಾಯಿಸಲ್ಲ.

ಇದು ಒಂದು ರೋಗ. ಇನ್ನೊಂದು ಇದಕ್ಕಿಂತ ಸಾಮಾನ್ಯ. ಪುಸ್ತಕದ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡೋದು. ಸೊಟ್ಟ ಪುಟ, ಅರ್ಧ ನೆರಳು, ಮೂಲೆಯಲ್ಲಿ ಮೇಷ್ಟ್ರ ಹೆಬ್ಬೆರಳು. ಕಣ್ಣಿದ್ದೋರು ಹೇಗೋ ಓದ್ಕೊಳ್ತಾರೆ. ಆದರೆ ಸಾಫ್ಟ್‌ವೇರಿಗೆ ಅದು ಬರೀ ಚಿತ್ರ. ಒಂದಕ್ಷರವೂ ಇಲ್ಲದ ಖಾಲಿ ಹಾಳೆ.

ಈಗ ಯೋಚಿಸಿ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಸರ್ಕಾರ ಟಾಕಿಂಗ್ ಲ್ಯಾಪ್‌ಟಾಪ್ ಕೊಡೋ ಯೋಜನೆ ಇದೆ. ಒಳ್ಳೇ ಯೋಜನೆ. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ, ವೇದಿಕೆ ಮೇಲೆ ಹಾರ, ಶಾಲು, ಫೋಟೋ. ನಾವೂ ಕ್ಯಾಮೆರಾ ಕಳಿಸ್ತೀವಿ. ಡಿಸೆಂಬರ್ 4ಕ್ಕೆ ಆ ಹುಡುಗ ಲ್ಯಾಪ್‌ಟಾಪ್ ತೆಗೆದು ನೋಟ್ಸ್ ಹಾಕಿದ್ರೆ, ಪೌಂಡ್ ಪೌಂಡ್. ಮಾತಾಡೋ ಯಂತ್ರ ಕೊಟ್ಟಿದ್ದೀವಿ, ಮೂಕ ಪುಸ್ತಕ ಕೊಟ್ಟಿದ್ದೀವಿ.

ನಾನು ಇವತ್ತು ಹೇಳ್ತಿರೋದು ಇಷ್ಟೇ. ಉಪಕರಣದ ಕೊರತೆ ಅಂತ ಎಲ್ಲರೂ ಹೇಳ್ತಾರೆ. ಕೊರತೆ ಇರೋದು ಉಪಕರಣದ್ದಲ್ಲ.

ಒಂದು ಹಳೇ ಕತೆ ಹೇಳ್ತೀನಿ, ನಮ್ಮ ಕಸುಬಿಗೆ ಸಂಬಂಧಪಟ್ಟಿದ್ದು. 1976ರ ಜನವರಿ 13. ಅಮೆರಿಕದಲ್ಲಿ ರೇ ಕರ್ಜ್‌ವೀಲ್ ಅನ್ನೋ ಸಂಶೋಧಕ, ಅಲ್ಲಿನ ಅಂಧರ ಸಂಘಟನೆಯ ಜೊತೆ ಸೇರಿ, ಅಚ್ಚಾದ ಪುಟವನ್ನ ನೋಡಿ ಗಟ್ಟಿಯಾಗಿ ಓದೋ ಯಂತ್ರವನ್ನ ಜಗತ್ತಿಗೆ ತೋರಿಸಿದ. ಮೇಜಿನಷ್ಟು ದೊಡ್ಡ ಯಂತ್ರ, ಹತ್ತಾರು ಸಾವಿರ ಡಾಲರ್ ಬೆಲೆ. ಮೊದಮೊದಲು ಕೊಂಡವರಲ್ಲಿ ಒಬ್ಬರು ಹಾಡುಗಾರ ಸ್ಟೀವಿ ವಂಡರ್. ಅವತ್ತು ರಾತ್ರಿ ಸಿಬಿಎಸ್ ಚಾನೆಲ್ಲಿನ ವಾಲ್ಟರ್ ಕ್ರಾಂಕೈಟ್, ಅಮೆರಿಕದ ಮನೆಮನೆಯ ಆ್ಯಂಕರ್ ಆತ, ಪ್ರತಿದಿನ ಸುದ್ದಿ ಮುಗಿಸುವಾಗ ಹೇಳ್ತಿದ್ದ ತನ್ನ ಮಾಮೂಲಿ ಕೊನೇ ಸಾಲನ್ನ ಆ ಯಂತ್ರದ ಕೈಲಿ ಹೇಳಿಸಿದ. ಆ್ಯಂಕರ್ ಒಬ್ಬ ತನ್ನ ಕೊನೇ ಸಾಲನ್ನ ಬಿಟ್ಟುಕೊಡೋದು ಸಣ್ಣ ವಿಷಯ ಅಲ್ಲ, ಅದು ನನಗೆ ಗೊತ್ತು!

ಅವತ್ತು ಮೇಜಿನಷ್ಟಿದ್ದ ಯಂತ್ರ ಇವತ್ತು ನಿಮ್ಮ ಜೇಬಿನಲ್ಲಿದೆ. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋದ್ರೆ ಟಾಕ್‌ಬ್ಯಾಕ್ ಅಂತ ಇರುತ್ತೆ, ದುಡ್ಡಿಲ್ಲ. ಕಂಪ್ಯೂಟರಿಗೆ ಎನ್‌ವಿಡಿಎ ಅಂತ ಸಾಫ್ಟ್‌ವೇರ್ ಇದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದ್ದು ಮೈಕೆಲ್ ಕರನ್, ಆಮೇಲೆ ಜೊತೆಗೂಡಿದ್ದು ಜೇಮ್ಸ್ ಟೇ. ಇಬ್ಬರಿಗೂ ಕಣ್ಣು ಕಾಣಲ್ಲ. ಬೇರೆ ಕಂಪನಿಗಳ ಸಾಫ್ಟ್‌ವೇರಿಗೆ ಕಂಪ್ಯೂಟರಿಗಿಂತ ಜಾಸ್ತಿ ದುಡ್ಡು ಕೇಳ್ತಿದ್ರು, ಅದಕ್ಕೆ ತಾವೇ ಬರೆದು ಜಗತ್ತಿಗೆಲ್ಲ ಉಚಿತವಾಗಿ ಕೊಟ್ರು. ಅದು ಕನ್ನಡವನ್ನೂ ಓದುತ್ತೆ. ಧ್ವನಿ ಸ್ವಲ್ಪ ರೋಬೋಟ್ ಥರ, ಆದರೆ ನಮ್ಮ ಹುಡುಗರು ಅದನ್ನ ಎಷ್ಟು ವೇಗವಾಗಿ ಓಡಿಸಿ ಕೇಳ್ತಾರೆ ಅಂದ್ರೆ ನಿಮಗೆ ನನಗೆ ಒಂದು ಪದವೂ ತಿಳಿಯಲ್ಲ. ಇಂಪಾದ ಧ್ವನಿ ಬೇಕಂದ್ರೆ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್ ಇದೆ. ಅದರ 'ರೀಡ್ ಅಲೌಡ್' ಒತ್ತಿದ್ರೆ ಸಪ್ನಾ, ಗಗನ್ ಅಂತ ಎರಡು ಕನ್ನಡ ಧ್ವನಿ. ನನ್ನ ಕೆಲಸಕ್ಕೆ ಕುತ್ತು ತರೋರು ಅವರೇ, ಇರಲಿ.

ಅಚ್ಚಾದ ಪುಟದ ಫೋಟೋದಿಂದ ಅಕ್ಷರ ಎತ್ತೋ ತಂತ್ರಾಂಶವೂ ಕನ್ನಡಕ್ಕೆ ಇದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಅಂತ ಮಾಡಿದೆ, ಹಳಗನ್ನಡದ ಅಚ್ಚನ್ನೂ ಅದು ಗುರುತಿಸುತ್ತೆ. ಗೂಗಲ್ಲಿನದೂ ಇದೆ. 2016ರ ಆಗಸ್ಟ್‌ನಲ್ಲಿ ಶುರುವಾದ 'ಸುಗಮ್ಯ ಪುಸ್ತಕಾಲಯ' ಅನ್ನೋ ಆನ್‌ಲೈನ್ ಗ್ರಂಥಾಲಯ ಇದೆ. ಬೆಂಗಳೂರಿನ ಮಿತ್ರ ಜ್ಯೋತಿಯವರು ಎಷ್ಟೋ ವರ್ಷದಿಂದ ಪುಸ್ತಕಗಳನ್ನ ದನಿಯಲ್ಲಿ ಓದಿಸಿ ಇಟ್ಟಿದ್ದಾರೆ. ಇಷ್ಟೆಲ್ಲ ಇದೆ. ಆದರೆ ಈ ಸೆಮಿಸ್ಟರಿನ, ಈ ಕಾಲೇಜಿನ, ಈ ಮೇಷ್ಟ್ರ ನೋಟ್ಸು ಯಾವ ಗ್ರಂಥಾಲಯದಲ್ಲೂ ಸಿಗಲ್ಲ. ಅದು ಸಿಗೋದು ಆ ವಾಟ್ಸಾಪ್ ಗ್ರೂಪಿನಲ್ಲೇ.

'ಇದೆಲ್ಲ ರಿಯಾಯಿತಿ ಅಲ್ವಾ? ಉಳಿದ ಮಕ್ಕಳು ಕಷ್ಟಪಟ್ಟು ಓದ್ತಾರೆ, ಇವರಿಗೆ ಯಂತ್ರ ಓದಿ ಹೇಳುತ್ತೆ.' ಈ ಮಾತನ್ನ ನಾನು ಒಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ನನ್ನ ಕಿವಿಯಲ್ಲೇ ಕೇಳಿದ್ದೀನಿ. ಕೇಳಿಸ್ಕೊಂಡ್ರೆ ಓದಿದ ಹಾಗಾ ಅಂತ ಕೇಳಿದ್ರು.

ಅದಕ್ಕೆ ಉತ್ತರ ನಿಮ್ಮ ಮುಂದೆ ಕೂತಿದೆ. ನಾನೇ. ಈಗ ನಾನು ನಿಮ್ಮ ಕಣ್ಣಿಗೆ ಕಣ್ಣಿಟ್ಟು ಮಾತಾಡ್ತಿದ್ದೀನಿ ಅಂತ ನಿಮಗೆ ಅನಿಸ್ತಿದೆ. ಕ್ಯಾಮೆರಾ ಮುಂದೆ ಒಂದು ಗಾಜಿದೆ, ಅದರ ಮೇಲೆ ಅಕ್ಷರ ಓಡ್ತಿದೆ. ಟೆಲಿಪ್ರಾಂಪ್ಟರ್. ಒಂದು ಸಾಲಿನಲ್ಲಿ ನಾಲ್ಕೈದು ಪದ, ಅಷ್ಟೇ. ಕಪ್ಪು ಪರದೆ, ಬಿಳಿ ದಪ್ಪ ಅಕ್ಷರ, ಸಾಲಿನ ನಡುವೆ ಧಾರಾಳ ಜಾಗ. ನಾನು ನಿಂತರೆ ಅದು ನಿಲ್ಲುತ್ತೆ, ನಾನು ಓಡಿದ್ರೆ ಓಡುತ್ತೆ. ಮುಗೀಲಿಲ್ಲ. ಕಿವಿಯಲ್ಲಿ ಒಂದು ಸಣ್ಣ ಯಂತ್ರ. ನಾನು ಯಾವುದಾದ್ರೂ ಹೆಸರು ಮರೆತರೆ ಕಂಟ್ರೋಲ್ ರೂಮಿನಿಂದ ಪ್ರೊಡ್ಯೂಸರ್ ಅದರಲ್ಲಿ ಹೇಳ್ಕೊಡ್ತಾರೆ. ಅದಕ್ಕೆ ನಮ್ಮ ಸ್ಟುಡಿಯೋದಲ್ಲಿ ಏನಂತ ಕರೀತೀವಿ ಗೊತ್ತಾ? ಟಾಕ್‌ಬ್ಯಾಕ್. ಕಣ್ಣು ಕಾಣದವರ ಫೋನಿನಲ್ಲಿ ಇದೆಯಲ್ಲ, ಅದೇ ಹೆಸರು!

ದೊಡ್ಡ ಅಕ್ಷರ, ಕಡಿಮೆ ಪದ, ಹೆಚ್ಚು ಜಾಗ, ಬೇಕಾದ ವೇಗ, ಕಿವಿಯಲ್ಲಿ ಸಹಾಯ. ಓದುವ ತೊಂದರೆ ಇರೋ ವಿದ್ಯಾರ್ಥಿಗಳಿಗೆ ತಜ್ಞರು ಹೇಳೋ ಸಾಧನಗಳ ಪಟ್ಟಿ ಇದೇ. ನನಗೆ ಕೊಟ್ಟರೆ ಅದಕ್ಕೆ ವೃತ್ತಿಪರತೆ ಅಂತ ಹೆಸರು, ಸಂಬಳ ಬೇರೆ. ಅವನಿಗೆ ಕೊಟ್ಟರೆ ರಿಯಾಯಿತಿ.

ಇನ್ನು ಕೇಳಿದ್ರೆ ಓದಿದ ಹಾಗಾ ಅನ್ನೋ ಮಾತು. ನಮ್ಮ ಶಿವಮೊಗ್ಗದ ಪಕ್ಕದಲ್ಲೇ ಹೊಸಹಳ್ಳಿ ಇದೆ, ಗಮಕಿಗಳ ಊರು. ಕುಮಾರವ್ಯಾಸನ ಭಾರತವನ್ನ ಕನ್ನಡ ನಾಡಿನ ಎಷ್ಟು ಜನ ಪುಸ್ತಕ ಬಿಚ್ಚಿ ಓದಿದಾರೆ? ಗಮಕಿ ವಾಚಿಸಿದ್ರು, ಊರು ಕೇಳ್ತು, ಅಕ್ಷರ ಬಾರದ ಅಜ್ಜಂದಿರು ಕರ್ಣನ ಪ್ರಸಂಗ ಬಂದ್ರೆ ಮುಂದಿನ ಸಾಲು ತಾವೇ ಹೇಳ್ತಿದ್ರು. ಅವರಿಗೆ ಭಾರತ ಬರ್ತಿರಲಿಲ್ಲ ಅಂತ ಯಾರಾದ್ರೂ ಹೇಳ್ತಾರಾ?

ಇದು ಕಣ್ಣು ಕಾಣದವರ ವಿಷಯ ಅಷ್ಟೇ ಅಂದ್ಕೊಂಡು ಚಾನೆಲ್ ಬದಲಾಯಿಸಬೇಡಿ. ಕಣ್ಣು ಚೆನ್ನಾಗಿದ್ದೂ ಓದೋಕೆ ಆಗದವರು ಇದಾರೆ.

ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಒಬ್ಬ ಇದ್ದ. ಹಾಸ್ಟೆಲ್ಲಿನ ನೀರಿನ ಪಂಪ್ ಕೆಟ್ಟರೆ ವಾರ್ಡನ್ ಮೆಕ್ಯಾನಿಕ್‌ನ ಕರೀತಿರಲಿಲ್ಲ, ಅವನನ್ನ ಕರೀತಿದ್ರು. ಮೋಟಾರಿನ ಸದ್ದು ಕೇಳಿ ಬೇರಿಂಗ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ಹೇಳ್ತಿದ್ದ. ಆದರೆ ಪುಸ್ತಕ ಹಿಡಿದ್ರೆ ಒಂದು ಪುಟಕ್ಕೆ ಅರ್ಧ ಗಂಟೆ. ಸಾಲು ತಪ್ಪಿಹೋಗ್ತಿತ್ತು, ಓದಿದ ಸಾಲನ್ನೇ ಮತ್ತೆ ಓದ್ತಿದ್ದ. ಕನ್ನಡ ಹೇಗೋ ನಡೀತಿತ್ತು, ಬರೆದ ಹಾಗೇ ಓದೋ ಭಾಷೆ ನಮ್ಮದು. ಇಂಗ್ಲಿಷ್ ಹಾಗಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಬಚಾವಾಗಿದ್ದವನು ಪಿಯುಸಿಯಲ್ಲಿ ಎಡವಿದ, ಎಂಜಿನಿಯರಿಂಗಿನಲ್ಲಿ ಬಿದ್ದ. ಎಲ್ಲರೂ ಹೇಳಿದ್ದು ಒಂದೇ ಮಾತು, ಸೋಮಾರಿ.

ಪರೀಕ್ಷೆ ಹಿಂದಿನ ರಾತ್ರಿ ಗಟ್ಟಿಯಾಗಿ ಓದೋದು ನನ್ನ ಅಭ್ಯಾಸ. ಅವನು ಗೋಡೆ ಕಡೆ ತಿರುಗಿ ಮಲಗಿರ್ತಿದ್ದ. ನಿದ್ದೆ ಮಾಡ್ತಿದಾನೆ ಅಂತ ನಾನು ಅಂದ್ಕೊಳ್ತಿದ್ದೆ. ಆಮೇಲೆ ರಿಸಲ್ಟ್ ಬಂದಾಗ ನೋಡಿದ್ರೆ, ನಾನು ಗಟ್ಟಿಯಾಗಿ ಓದಿದ ಸಬ್ಜೆಕ್ಟುಗಳಲ್ಲಿ ಅವನು ಪಾಸು. ನಾನು ಲೈಬ್ರರಿಯಲ್ಲಿ ಕೂತು ಓದಿದ್ದರಲ್ಲಿ ಫೇಲು. ಅವತ್ತು ನಾವಿಬ್ಬರೂ ಇದನ್ನ ತಮಾಷೆ ಮಾಡ್ಕೊಂಡು ನಕ್ಕಿದ್ವಿ. ಮೂರನೇ ವರ್ಷಕ್ಕೆ ಏಳು ಪೇಪರ್ ಬಾಕಿ ಉಳೀತು. ಒಬ್ಬ ಮೇಷ್ಟ್ರು ತುಂಬಿದ ಕ್ಲಾಸಿನಲ್ಲಿ, 'ಓದೋಕೇ ಬರಲ್ಲ ಅಂದ್ಮೇಲೆ ಇಲ್ಲಿಗೆ ಯಾಕೆ ಬಂದೆ?' ಅಂದ್ರು. ಆ ವಾರ ಟ್ರಂಕ್ ಕಟ್ಕೊಂಡು ಹೋದ.

ಅವನಿಗೆ ಡಿಸ್ಲೆಕ್ಸಿಯಾ ಇತ್ತು ಅಂತ ಹೇಳೋಕೆ ನಾನು ಡಾಕ್ಟರಲ್ಲ. ಯಾರೂ ಪರೀಕ್ಷೆ ಮಾಡಿಸ್ಲಿಲ್ಲ, ಅದೇ ವಿಷಯ. 'ತಾರೇ ಜಮೀನ್ ಪರ್' ಸಿನಿಮಾ ಬಂದಿದ್ದು 2007ರಲ್ಲಿ, ನಾವೆಲ್ಲ ನೋಡಿ ಅತ್ತಿದ್ವಿ. ಆ ಪುಟ್ಟ ಹುಡುಗ ದೊಡ್ಡವನಾಗಿ ಕಾಲೇಜಿಗೆ ಬರ್ತಾನೆ, ನಮ್ಮ ಪಕ್ಕದ ಮಂಚದಲ್ಲೇ ಮಲಗಿರಬಹುದು ಅಂತ ನಮಗೆ ಹೊಳೀಲೇ ಇಲ್ಲ. ಇವತ್ತು ಅವನು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದಾನೆ, ಚೆನ್ನಾಗಿದಾನೆ. ಮೆಸೇಜ್ ಟೈಪ್ ಮಾಡಲ್ಲ, ಯಾವತ್ತೂ ವಾಯ್ಸ್ ಮೆಸೇಜೇ. ನಾನು ಇಷ್ಟು ವರ್ಷ ಅದನ್ನ ಅವನ ಸ್ಟೈಲ್ ಅಂದ್ಕೊಂಡಿದ್ದೆ.

ಕಾನೂನು ಏನು ಹೇಳುತ್ತೆ ನೋಡೋಣ, ಬೇಗ ಹೇಳಿ ಮುಗಿಸ್ತೀನಿ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಹೊಸ ಕಾಯ್ದೆಯಲ್ಲಿ 21. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳು ಅದರೊಳಗೆ ಬಂದಿವೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಶೇ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯ ಇರೋರಿಗೆ ಮೀಸಲು. ಸೀಟು ಸಿಗುತ್ತೆ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್ ಓದಿ. ಪುಸ್ತಕ, ಕಲಿಕಾ ಸಾಮಗ್ರಿ, ಸಹಾಯಕ ಸಾಧನ ಉಚಿತ, ಎಲ್ಲಿವರೆಗೆ? 18 ವರ್ಷದವರೆಗೆ. ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತೋ ವಯಸ್ಸು ಯಾವುದು? ಹದಿನೆಂಟು! ಬಸ್ ಹತ್ತಿಸಿ, ಊರು ಬರೋ ಮುಂಚೆ ಇಳಿಸಿದ ಹಾಗೆ.

ಹಾಗಂತ ಕಾಲೇಜುಗಳು ಕೈ ತೊಳ್ಕೊಳ್ಳೋ ಹಾಗಿಲ್ಲ. 16ನೇ ಸೆಕ್ಷನ್ ಪ್ರಕಾರ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡೋದು ಸರ್ಕಾರದ ನೆರವು ಅಥವಾ ಮಾನ್ಯತೆ ಇರೋ ಶಿಕ್ಷಣ ಸಂಸ್ಥೆಗಳ ಹೊಣೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಅನುಕೂಲ ನಿರಾಕರಿಸೋದೇ ತಾರತಮ್ಯ ಅಂತ ಹೇಳಿದೆ. 2025ರ ಏಪ್ರಿಲ್ 30ರಂದು ಕೆವೈಸಿ ಪ್ರಕರಣದಲ್ಲಿ ಡಿಜಿಟಲ್ ಸೌಲಭ್ಯ ತಲುಪೋದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿದೆ.

'ಕಾಪಿರೈಟ್ ಇದೆ ಸರ್, ಪುಸ್ತಕ ಸ್ಕ್ಯಾನ್ ಮಾಡಿ ಕೊಡೋಕಾಗಲ್ಲ' ಅನ್ನೋ ಲೈಬ್ರರಿಯನ್‌ಗಳಿಗೆ ಒಂದು ಮಾತು. 2012ರಲ್ಲೇ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿದೆ. ಅಂಗವಿಕಲರು ಓದೋಕೆ ಅಂತ, ಅವರಿಗೆ ಬೇಕಾದ ರೂಪಕ್ಕೆ ಪುಸ್ತಕ ಬದಲಾಯಿಸಿ ಕೊಡಬಹುದು, ಪ್ರಕಾಶಕರ ಅನುಮತಿ ಬೇಡ. ಇದೇ ವಿಷಯಕ್ಕೆ 2013ರಲ್ಲಿ ಮರಾಕೆಷ್ ಒಪ್ಪಂದ ಆಯ್ತು, 2014ರಲ್ಲಿ ಅದನ್ನ ಅನುಮೋದಿಸಿದ ಮೊದಲ ದೇಶ ನಮ್ಮದು. ಜಗತ್ತಿಗೇ ಮೊದಲು. ಅಲ್ಲಿ ಸಹಿ ಹಾಕಿದ ಪೆನ್ನಿನ ಮಸಿ ವಿಜಯಪುರದ ವಾಟ್ಸಾಪ್ ಗ್ರೂಪಿಗೆ ಇನ್ನೂ ತಲುಪಿಲ್ಲ.

ಈಗ ಆ ಹುಡುಗನ ಕಡೆ ಬರೋಣ. ಅವನ ಗೆಳೆಯ ರಾತ್ರಿ ಎರಡು ತಾಸು ಓದಿ ಹೇಳ್ತಿದ್ದ, ಆದರೆ ಪರೀಕ್ಷೆ ಆ ಗೆಳೆಯನಿಗೂ ಇದೆ. ಕಾಲೇಜಿನಲ್ಲಿ ಕೇಳಿದ್ರೆ ಸಿಕ್ಕ ಉತ್ತರ: 'ನಿನಗ ಪಾಸಾದ್ರ ಸಾಕಲ್ಲ, ಸ್ಕ್ರೈಬ್ ಕೊಡ್ತೀವಿ, ತಾಸಿಗೆ ಇಪ್ಪತ್ತು ನಿಮಿಷ ಹೆಚ್ಚು ಕೊಡ್ತೀವಿ, ಇನ್ನೇನ್ ಬೇಕು?' ಸ್ಕ್ರೈಬ್ ಬರೆಯೋದು ಇವನು ಹೇಳಿದ್ದನ್ನ. ಓದೋಕೆ ಏನೂ ಸಿಗದಿದ್ರೆ ಹೇಳೋದು ಏನನ್ನ? ನನಗೆ ಅವನು ಹೇಳಿದ್ದು: 'ಪಾಸಾಗೋದು ದೊಡ್ಡದಲ್ರೀ ಸರ. ಎಂಎ ಮಾಡಿ ಲೆಕ್ಚರರ್ ಆಗ್ಬೇಕಂತ ಐತಿ. ಅದಕ್ಕ ಮಾರ್ಕ್ಸ್ ಬೇಕು.' ನಮ್ಮಲ್ಲಿ ಕಣ್ಣು ಕಾಣದ ಮಗು ಅಂದ ತಕ್ಷಣ ಗದುಗಿಗೆ ಕಳಿಸಿ, ಸಂಗೀತ ಕಲೀಲಿ ಅಂತೀವಿ. ಪುಟ್ಟರಾಜ ಗವಾಯಿಗಳ ಆಶ್ರಮ ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟಿದೆ, ಅದು ದೊಡ್ಡ ಮಾತು. ಆದರೆ ಒಬ್ಬನಿಗೆ ಅರ್ಥಶಾಸ್ತ್ರ ಬೇಕಾಗಿರಬಹುದು. ಅವನಿಗೆ ಶ್ರುತಿಪೆಟ್ಟಿಗೆ ಕೊಟ್ಟು ಏನು ಮಾಡೋದು?

ಫೈಲ್ ಕಳಿಸು ಅಂದೆ. ಅರ್ಥಶಾಸ್ತ್ರದ್ದು ಕಳಿಸಿದ, 64 ಪುಟ. ಹಳೇ ಅಕ್ಷರವನ್ನ ಯೂನಿಕೋಡಿಗೆ ಬದಲಾಯಿಸೋ ಸಾಧನಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇವೆ. ಹಾಕಿದೆ, ತೆಗೆದೆ, ಕಳಿಸಿದೆ. ಚಹಾ ತಣ್ಣಗಾಗೋಷ್ಟು ಹೊತ್ತೂ ಬೇಕಾಗಲಿಲ್ಲ. ಬೆಳಗ್ಗೆ ಫೋನ್ ಬಂತು. 'ಸರ, ಅರ್ಕಾವತ್ತು ಬಂದಲ್ಲಿ ಒಂದೊಂದ್ ಕಡೆ ತಪ್ಪಾಗೈತಿ. ಅರ್ಥ ಅನ್ನೋದು ಎರಡ್ ಕಡೆ ಕೆಟ್ಟೈತಿ. ನಾ ತಿದ್ಕೊಂಡೀನ್ರಿ.' ರಾತ್ರಿಯೆಲ್ಲ ಕೂತು 64 ಪುಟ ಮುಗಿಸಿದ್ದ.

ಮೂರು ವರ್ಷ ಕಾಲೇಜು ಮಾಡದ ಕೆಲಸ ಒಂದು ಕಪ್ ಚಹಾದ ಹೊತ್ತಿನಲ್ಲಿ ಆಯ್ತು ಅಂತ ಹೆಮ್ಮೆಯಿಂದ ಹೇಳ್ತಿಲ್ಲ. ಒಬ್ಬನಿಗೆ ಟಿವಿಯವನ ನಂಬರ್ ಸಿಕ್ತು. ಉಳಿದವರು?

ಅದಕ್ಕೆ ಇವತ್ತು ನೋಡ್ತಿರೋ ಲೆಕ್ಚರರ್‌ಗಳಿಗೆ ಒಂದು ವಿನಂತಿ. ನಿಮ್ಮ ನೋಟ್ಸ್ ತೆಗೀರಿ. ಒಂದು ಸಾಲು ಸೆಲೆಕ್ಟ್ ಮಾಡಿ ಕಾಪಿ ಮಾಡಿ. ವಾಟ್ಸಾಪ್‌ನಲ್ಲಿ ನಿಮ್ಮ ಹೆಂಡತಿಗೋ ಗಂಡನಿಗೋ ಕಳಿಸೋ ಜಾಗದಲ್ಲಿ ಪೇಸ್ಟ್ ಮಾಡಿ. ಕನ್ನಡವಾಗೇ ಬಂತಾ? ಕಳಿಸಿ, ಎಲ್ಲ ಮಕ್ಕಳಿಗೂ ಓದೋಕಾಗುತ್ತೆ. ಪೌಂಡ್ ಬಂತಾ? ಯೂನಿಕೋಡಿಗೆ ಬದಲಾಯಿಸಿ. ಸೆಲೆಕ್ಟೇ ಆಗ್ಲಿಲ್ವಾ? ಅದು ಫೋಟೋ. ಇನ್ನೊಂದು, ಪಿಡಿಎಫ್ ಮಾಡುವಾಗ ಯೂನಿಕೋಡ್ ಕನ್ನಡದ ಒತ್ತಕ್ಷರಗಳೂ ಒಮ್ಮೊಮ್ಮೆ ಚೆಲ್ಲಾಪಿಲ್ಲಿ ಆಗ್ತವೆ. ಟೈಪ್ ಮಾಡಿದ ವರ್ಡ್ ಫೈಲನ್ನ ಜೊತೆಗೆ ಕಳಿಸಿಬಿಡಿ. ಯಾರಾದ್ರೂ ಕದೀತಾರೆ ಅನ್ನೋ ಭಯ ಕೆಲವರಿಗಿದೆ. ಸರ್, ನಿಮ್ಮ ನೋಟ್ಸು ನೀವು ಎಲ್ಲಿಂದ ತಗೊಂಡಿದ್ದೀರಿ ಅಂತ ನಾವು ಕೇಳಲ್ಲ, ಕಳಿಸಿ.

ಅಪ್ಪ ಅಮ್ಮಂದಿರು ನೋಡ್ತಿದ್ರೆ: ಮಗ ಬಾಯಲ್ಲಿ ಕೇಳಿದ್ರೆ ಎಲ್ಲ ಹೇಳ್ತಾನೆ, ಪುಸ್ತಕ ಕೊಟ್ರೆ ಕೂರಲ್ಲ ಅನ್ನೋದಾದ್ರೆ ಬೈಯೋ ಮುಂಚೆ ಒಮ್ಮೆ ತೋರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಕಲಿಕಾ ನ್ಯೂನತೆ ಗುರುತಿಸೋ ಪರೀಕ್ಷೆಗಳನ್ನ ರೂಪಿಸಿದ್ದೇ ಅವರು. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್, 14ಕ್ಕೆ ಮತ್ತೆ, 18ಕ್ಕೆ ಮತ್ತೆ ಅಂತ ಇತ್ತು. 18ರಲ್ಲಿ ಕೊಟ್ಟಿದ್ದು ಜೀವನಪೂರ್ತಿಗೆ ಅಂತ ಅದರಲ್ಲಿತ್ತು. ಶಾಲೆಯಲ್ಲಿ ಮಾಡಿಸಿದ್ದನ್ನ ಕಾಲೇಜಿಗೆ ಬಂದಾಗ ಮರೆತುಬಿಡಬೇಡಿ. ಡಿಸ್ಲೆಕ್ಸಿಯಾಗೆ ವಿಶೇಷ ಫಾಂಟು, ಬಣ್ಣದ ಕನ್ನಡಕ ಅಂತ ದುಡ್ಡು ಕೇಳೋರು ಬರ್ತಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಅಕ್ಷರ ದೊಡ್ಡದು ಮಾಡಿ, ನಡುವೆ ಜಾಗ ಹೆಚ್ಚಿಸಿ, ಕಿವಿಗೂ ಕಣ್ಣಿಗೂ ಒಟ್ಟಿಗೇ ಹೋಗೋ ಹಾಗೆ ಓದಿಸೋ ಸಾಫ್ಟ್‌ವೇರ್ ಹಾಕಿಕೊಡಿ. ಎಲ್ಲವೂ ಉಚಿತ.

ನನ್ನ ರೂಮ್‌ಮೇಟ್‌ಗೆ ಮೊನ್ನೆ ಒಂದು ವಾಯ್ಸ್ ಮೆಸೇಜ್ ಕಳಿಸಿದೆ. ಹೀಗೀಗೆ, ನಿನ್ನ ಕತೆ ಹೇಳ್ತೀನಿ, ಹೆಸರು ಹೇಳಲ್ಲ, ಪರವಾಗಿಲ್ವಾ ಅಂತ. ಉತ್ತರ ಹನ್ನೆರಡು ಸೆಕೆಂಡಿನದು. 'ಹೇಳು ಮಾರಾಯ. ಅವತ್ತು ಥರ್ಮೋಡೈನಮಿಕ್ಸ್ ಒಂದನ್ನ ನೀನು ಗಟ್ಟಿಯಾಗಿ ಓದಿದ್ದಿದ್ರೆ ಅದೂ ಪಾಸಾಗ್ತಿತ್ತು.'

ನೀವೂ ನಿಮ್ಮ ಅನುಭವ ಹೇಳಬಹುದು. ನೋಟ್ಸ್ ಓದೋಕಾಗದ ವಿದ್ಯಾರ್ಥಿಗಳು, ಬದಲಾಯಿಸಿ ಕೊಡೋಕೆ ದಿನಕ್ಕೆ ಅರ್ಧ ಗಂಟೆ ಕೊಡ್ತೀನಿ ಅನ್ನೋ ಎಂಜಿನಿಯರುಗಳು, ಇಬ್ಬರೂ ಫೋನ್ ಮಾಡಿ. ಪರದೆ ಮೇಲೆ ನಮ್ಮ ನಂಬರ್ ಬರ್ತಿದೆ. ಓದ್ತೀನಿ, ನಿಧಾನವಾಗಿ, ಎರಡು ಸಲ. ಪೆನ್ನು ಇರೋರು ಪೆನ್ನು ತಗೊಳ್ಳಿ, ಫೋನ್ ಇರೋರು ರೆಕಾರ್ಡ್ ಮಾಡ್ಕೊಳ್ಳಿ.